ಕಾಫಿ ಕೊಯ್ಲಿನ ನಡುವೆ ಹಿಮದ ಇಳಿಜಾರಿಗೆ: ಮಕ್ಕಳೊಂದಿಗೆ ಸೋಲಂಗ್‌ಗೆ ಹೋಗುವುದು ಹೇಗೆ?

ಕೊಡಗಿನವರಿಗೆ ಬೆಟ್ಟವೂ ಹೊಸದಲ್ಲ, ಚಳಿಯೂ ಹೊಸದಲ್ಲ. ಆದರೆ ನಮ್ಮ ತಡಿಯಂಡಮೋಳ್ 1,748 ಮೀಟರ್‌ಗೆ ಮುಗಿಯುತ್ತದೆ. ಹಿಮಾಚಲದ ಸೋಲಂಗ್‌ನಲ್ಲಿ ಸ್ಕೀಯಿಂಗ್ (ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ) ಕಲಿಯುವ ಬಯಲು ಇರುವುದೇ ಸುಮಾರು 2,500 ಮೀಟರ್ ಎತ್ತರದಲ್ಲಿ. ಸ್ಕೀಯಿಂಗ್‌ಗೆ ಕಾಶ್ಮೀರದ ಗುಲ್ಮಾರ್ಗ್‌ನ ಹೆಸರು ದೊಡ್ಡದು, ಉತ್ತರಾಖಂಡದ ಔಲಿಯ ನೋಟ ಚೆಂದ. ಆದರೂ ಮೊದಲ ಸಲ ಮಕ್ಕಳನ್ನು ಕಟ್ಟಿಕೊಂಡು ಹೊರಟವರಿಗೆ ಸೋಲಂಗ್ ಸಾಕು ಎಂಬುದು ನನ್ನ ಅಭಿಪ್ರಾಯ. ಇಳಿಜಾರು ಚಿಕ್ಕದು, ಮನಾಲಿ ಪೇಟೆ ಹದಿನಾಲ್ಕು ಕಿಲೋಮೀಟರ್ ದೂರ. ಮಗು ರಚ್ಚೆ ಹಿಡಿದರೆ ಮಧ್ಯಾಹ್ನಕ್ಕೇ ಹೋಟೆಲ್ ಸೇರಬಹುದು.

ದಿನ ಗೊತ್ತು ಮಾಡುವುದು

ನಮಗಿರುವ ನಿಜವಾದ ತೊಡಕು ಇಲ್ಲಿದೆ. ಅಲ್ಲಿ ಹಿಮ ಚೆನ್ನಾಗಿರುವುದು ಜನವರಿ, ಫೆಬ್ರುವರಿಯಲ್ಲಿ. ನಮ್ಮಲ್ಲಿ ಅದೇ ಹೊತ್ತಿಗೆ ಕಣದ ತುಂಬ ಕಾಫಿ. ಕ್ರಿಸ್‌ಮಸ್ ರಜೆಗೆ ಹೋದರೆ ಹಿಮಕ್ಕಿಂತ ಜನವೇ ಹೆಚ್ಚು ಕಾಣಿಸಬಹುದು. ಫೆಬ್ರುವರಿ ಕೊನೆಗೆಂದರೆ ಮಕ್ಕಳ ಪರೀಕ್ಷೆ, ರೋಬಸ್ಟಾಕ್ಕೆ ನೀರು ಹಾಯಿಸುವ ಗಡಿಬಿಡಿ. ಹಾಗಾಗಿ ಅರೇಬಿಕಾ ಕೊಯ್ಲು ಮುಗಿಸಿ, ಕಣದ ಉಸ್ತುವಾರಿಯನ್ನು ನಂಬಿಕಸ್ಥರಿಗೆ ಒಪ್ಪಿಸಿ, ಜನವರಿಯ ಕೊನೆಯ ವಾರದಲ್ಲಿ ಹೊರಡುವುದು ಜಾಣತನ. ಗಣರಾಜ್ಯೋತ್ಸವದ ಆಸುಪಾಸಿನ ರಜೆಗಳನ್ನು ಬಿಟ್ಟುಬಿಡಿ. ಅಲ್ಲಿನ ಹಿಮ ಮೆಡಿಟರೇನಿಯನ್ ಕಡೆಯಿಂದ ಬರುವ ಚಳಿಗಾಲದ ಮಾರುತಗಳನ್ನು ನಂಬಿಕೊಂಡಿದೆ, ನಮ್ಮ ಹೂಮಳೆಯಷ್ಟೇ ಚಂಚಲ. ಸೋಲಂಗ್ ಇರುವ ಕುಲ್ಲು ಜಿಲ್ಲೆಗೆ ಹವಾಮಾನ ಇಲಾಖೆ ಕೊಡುವ ಮುನ್ಸೂಚನೆಯನ್ನು ಹೊರಡುವ ವಾರ ದಿನವೂ ನೋಡುತ್ತಿರಿ.

ದಾರಿ

ಬೆಂಗಳೂರಿನಿಂದ ಚಂಡೀಗಡಕ್ಕೆ ವಿಮಾನ, ಅಲ್ಲಿಂದ ಟ್ಯಾಕ್ಸಿ ಅಥವಾ ಬಸ್. ತಿರುವುಗಳ ರಸ್ತೆ ನಮಗೆ ಅಭ್ಯಾಸವಾದರೂ ವಾಂತಿ ಮಾತ್ರೆ ಜೊತೆಗಿರಲಿ. ತಲುಪಿದ ದಿನ ಸ್ಕೀಯಿಂಗ್ ಬೇಡ. ನೀರು ಕುಡಿದು, ಊಟ ಮಾಡಿ ಮಲಗಿ. ಭಾರಿ ಹಿಮ ಬಿದ್ದಾಗ ಸಾಮಾನ್ಯ ಕಾರುಗಳನ್ನು ಸೋಲಂಗ್‌ಗಿಂತ ಮೊದಲೇ ತಡೆಯುತ್ತಾರೆ. ಆಗ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲವಿರುವ ಜೀಪು ಹಿಡಿಯಬೇಕು. ಬಾಡಿಗೆಯನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ಬಟ್ಟೆ, ಬೂಟು

ಜೀನ್ಸ್, ಹತ್ತಿಯ ಬನಿಯನ್ ಎರಡೂ ಬೇಡ. ಹತ್ತಿ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಒಳಗೆ ಥರ್ಮಲ್, ನಡುವೆ ಉಣ್ಣೆಯ ಸ್ವೆಟರ್, ಮೇಲೆ ನೀರು ಇಳಿಯದ ಕೋಟು. ಮೇಲಿನದು ಸೋಲಂಗ್ ರಸ್ತೆಯ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಕೈಗವಸು ಮತ್ತು ಕಾಲುಚೀಲವನ್ನು ಮಾತ್ರ ಸ್ವಂತದ್ದು ಒಯ್ಯಿರಿ; ಇನ್ನೊಬ್ಬರ ಬೆವರಿನ ಚೀಲ ಯಾರಿಗೆ ಬೇಕು? ಹಿಮದಿಂದ ಬಿಸಿಲು ಮೇಲಕ್ಕೆ ಚಿಮ್ಮುವುದರಿಂದ ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಮರೆಯಬೇಡಿ.

ಸ್ಕೀ ಬೂಟನ್ನು ಅವಸರದಲ್ಲಿ ಆರಿಸಬಾರದು. ದಪ್ಪ ಚೀಲ ಎರಡು ಹಾಕಿದರೆ ಬೆಚ್ಚಗಿರುತ್ತದೆ ಎಂಬುದು ತಪ್ಪು. ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಂದೇ ಚೀಲ ಹಾಕಿ. ಮೊಣಕಾಲು ಬಗ್ಗಿಸಿದಾಗ ಅದರ ಕೆಳಗಿನ ಕಾಲಿನ ಮುಂದಿನ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತಬೇಕು, ಹಿಮ್ಮಡಿ ಮೇಲೇಳಬಾರದು, ಬೆರಳು ಆಡಬೇಕು. ಹಲಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಗಲ್ಲದ ಮಟ್ಟಕ್ಕೆ ಬಂದರೆ ಸಾಕು. ಬೂಟನ್ನು ಹಲಗೆಗೆ ಹಿಡಿಯುವ ಕೊಂಡಿ ನೀವು ಬಿದ್ದಾಗ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಮೊಣಕಾಲು ತಿರುಚುತ್ತದೆ. ತೂಕ ಹೇಳಿ ಅದನ್ನು ಹೊಂದಿಸಿಕೊಡಲು ಕೇಳಿ. ಹೆಲ್ಮೆಟ್ ಇಲ್ಲದ ಅಂಗಡಿಯಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಹಲಗೆಯ ಮೇಲೆ

ಬಯಲಿಗೆ ಬಂದೊಡನೆ ಕೆಲವರು ಮುತ್ತಿಕೊಂಡು, ಹತ್ತು ನಿಮಿಷ ಹಲಗೆ ಕಟ್ಟಿ, ಫೋಟೊ ತೆಗೆದು ಕಳಿಸುತ್ತಾರೆ. ಅದು ಕಲಿಕೆಯಲ್ಲ. ಒಬ್ಬ ತರಬೇತುದಾರನನ್ನು ಅರ್ಧ ದಿನಕ್ಕೆ ಗೊತ್ತು ಮಾಡಿ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಜಾರುಬಂಡಿಯೇ ಸಾಕು.

ಮೊದಲ ಪಾಠ ಬೀಳುವುದು. ಹಿಂದಕ್ಕಲ್ಲ, ಪಕ್ಕಕ್ಕೆ, ಇಳಿಜಾರಿನ ಮೇಲ್ಭಾಗದ ಕಡೆಗೆ ಕುಳಿತುಬಿಡಿ. ಕೈ ಊರಬೇಡಿ. ಏಳುವಾಗ ಎರಡೂ ಹಲಗೆ ಇಳಿಜಾರಿಗೆ ಅಡ್ಡಲಾಗಿ, ನಿಮ್ಮ ಕೆಳಗಡೆ ಇರಲಿ. ನೇರವಾಗಿಟ್ಟರೆ ಎದ್ದೊಡನೆ ಮತ್ತೆ ಜಾರುತ್ತೀರಿ. ಎರಡನೆಯದು ನಿಲ್ಲುವುದು. ಹಲಗೆಗಳ ಮುಂತುದಿಗಳನ್ನು ತಾಗಿಸದೆ ಹತ್ತಿರ ತಂದು, ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ. ಒಳಅಂಚು ಹಿಮವನ್ನು ಕೆರೆಯತೊಡಗಿ ವೇಗ ತಗ್ಗುತ್ತದೆ. ಹೆದರಿದವರೆಲ್ಲ ಹಿಂದಕ್ಕೆ ವಾಲುತ್ತಾರೆ, ಅಲ್ಲೇ ಹಿಡಿತ ತಪ್ಪುವುದು. ಮೊಣಕಾಲು ಬಗ್ಗಿಸಿ, ಕೈಗಳನ್ನು ಮುಂದಕ್ಕೆ ಚಾಚಿ. ಮಕ್ಕಳು ಇದನ್ನು ಅಪ್ಪ ಅಮ್ಮನಿಗಿಂತ ಬೇಗ ಕಲಿಯುತ್ತಾರೆ, ಬೇಸರಪಟ್ಟುಕೊಳ್ಳಬೇಡಿ.

ಚಿಕ್ಕ ದಿಬ್ಬದಲ್ಲಿ ಹೇಳಿದಲ್ಲಿ ನಿಲ್ಲಲು ಬರುವ ತನಕ ಮೇಲಿನ ಇಳಿಜಾರಿನ ಆಸೆ ಬೇಡ. ಮಧ್ಯಾಹ್ನ ಮೂರು ಗಂಟೆಯೊಳಗೆ ಮುಗಿಸಿ. ಬಿಸಿಲು ಇಳಿದಂತೆ ಹಿಮ ಗಟ್ಟಿಯಾಗುತ್ತದೆ, ಮನಾಲಿ ರಸ್ತೆಯಲ್ಲಿ ವಾಹನಗಳ ಸಾಲೂ ಬೆಳೆಯುತ್ತದೆ. ಬಾಡಿಗೆ ಕೋಟು ಹಿಂದಿರುಗಿಸುವ ಮುನ್ನ ಜೇಬುಗಳನ್ನು ತಡವಿ ನೋಡಿ, ಮಕ್ಕಳ ಒಂದು ಕೈಗವಸಾದರೂ ಅದರಲ್ಲಿ ಇದ್ದೇ ಇರುತ್ತದೆ.