ಕಾಲಿನ ರಕ್ತ ಸಂಚಾರಕ್ಕೆ ಜೆಲಾಟಿನ್ ಮಣಿ: ಲ್ಯಾಬಲ್ಲಿ ನಾನು ಮಾಡಿದ ರೀತಿ

ಬೀಡಿ ಸಿಗರೇಟು ಸೇದಿ ಬರ್ಗರ್ಸ್ ಕಾಯಿಲೆ ಬಂದೋರು, ವರ್ಷಗಟ್ಟಲೆ ಶುಗರ್ ಇರೋರು, ಇವರ ಕಾಲಿನ ಸಣ್ಣ ಸಣ್ಣ ರಕ್ತನಾಳ ಮುಚ್ಚಿಹೋದ್ರೆ ಎಷ್ಟೋ ಸಲ ಬೈಪಾಸ್ ಮಾಡೋಕೂ ಆಗಲ್ಲ, ಬಲೂನ್ ಹಾಕೋಕೂ ಆಗಲ್ಲ. ಅಂಥವರಿಗೆ ಹೊಸ ನಾಳಗಳನ್ನೇ ಬೆಳೆಸೋಣ ಅನ್ನೋದು ನಮ್ಮ ಪ್ರಯತ್ನ. ಬೆಳೆಸೋ ಪ್ರೋಟೀನ್ ಗೊತ್ತಿದೆ, ಬೇಸಿಕ್ ಎಫ್‌ಜಿಎಫ್ ಅಂತ. ಆದ್ರೆ ಅದನ್ನ ಸುಮ್ನೆ ಚುಚ್ಚಿದ್ರೆ ಆ ಜಾಗದಲ್ಲಿ ನಿಲ್ಲೋದೇ ಇಲ್ಲ, ನಾಳ ಬೆಳೆಯೋಕೋ ವಾರಗಟ್ಟಲೆ ಬೇಕು. ಕ್ಯೋಟೋ ಯೂನಿವರ್ಸಿಟಿಯ ಯಸುಹಿಕೊ ತಬಾತ ಅವರ ಗುಂಪು ಇದನ್ನ ಜೆಲಾಟಿನ್‌ನಲ್ಲಿ ಹಿಡಿದಿಡೋ ದಾರಿ ತೋರಿಸ್ತು, ನಾನು ಇಲಿಗಳಲ್ಲಿ ಮಾಡಿದ್ದೂ ಅದೇ ದಾರೀಲಿ.

ಜೆಲಾಟಿನ್ ಯಾವುದೋ ಒಂದು ತಂದ್ರೆ ನಡೆಯಲ್ಲ. ಕ್ಷಾರದಲ್ಲಿ ಸಂಸ್ಕರಿಸಿದ ಆಸಿಡಿಕ್ ಜೆಲಾಟಿನ್ನೇ ಬೇಕು, ಅದಕ್ಕೆ ನೆಗೆಟಿವ್ ಚಾರ್ಜು, ಎಫ್‌ಜಿಎಫ್‌ಗೆ ಪಾಸಿಟಿವ್, ಎರಡೂ ಗಟ್ಟಿಯಾಗಿ ಅಂಟಿಕೊಳ್ತವೆ, ಆಮೇಲೆ ಮೈಯೊಳಗೆ ಜೆಲಾಟಿನ್ ಕರಗಿದಷ್ಟೇ ಔಷಧಿ ಬಿಡುಗಡೆ ಆಗುತ್ತೆ.

10% ಜೆಲಾಟಿನ್ ದ್ರಾವಣನ ಬಿಸಿ ಆಲಿವ್ ಎಣ್ಣೆಗೆ ಹನಿಹನಿಯಾಗಿ ಬಿಟ್ಟು ಕಲಕ್ತಾ ಇರ್ತೀನಿ, ಕಲಕೋದು ನಿಲ್ಲಿಸದೇನೇ ಐಸ್ ಮೇಲೆ ಇಟ್ರೆ ಹನಿಗಳು ಗಟ್ಟಿಯಾಗಿ ಮಣಿ ಆಗ್ತವೆ. ತಣ್ಣನೆ ಅಸಿಟೋನ್‌ನಲ್ಲಿ ಎಣ್ಣೆ ಪೂರ್ತಿ ಹೋಗೋವರೆಗೂ ತೊಳೀಬೇಕು, ಎಣ್ಣೆ ಉಳಿದ್ರೆ ಮಣಿಗಳು ಗುಂಪುಗೂಡಿ ಸೂಜೀಲಿ ಸಿಕ್ಕಿಹಾಕಿಕೊಳ್ತವೆ. ಆಮೇಲೆ ಜರಡಿ ಹಿಡಿದು ಗ್ಲುಟರಾಲ್ಡಿಹೈಡ್‌ನಲ್ಲಿ ಕ್ರಾಸ್‌ಲಿಂಕ್ ಮಾಡೋದು, ಅಂದ್ರೆ ಜೆಲಾಟಿನ್ ಎಳೆಗಳನ್ನ ಒಂದಕ್ಕೊಂದು ಹೆಣೆಯೋದು, ಕೊನೆಗೆ ಉಳಿದ ಗ್ಲುಟರಾಲ್ಡಿಹೈಡನ್ನ ಗ್ಲೈಸಿನ್ ಹಾಕಿ ಮುಗಿಸೋದು. ನನ್ನ ಪ್ರಕಾರ ಇಡೀ ಕೆಲಸದ ಜೀವ ಈ ಕ್ರಾಸ್‌ಲಿಂಕ್‌ನಲ್ಲೇ ಇದೆ. ಜಾಸ್ತಿ ಆದ್ರೆ ಮಣಿ ನೀರು ಕುಡಿಯೋದು ಕಮ್ಮಿ, ಕರಗೋದು ನಿಧಾನ, ಕಮ್ಮಿ ಆದ್ರೆ ಬೇಗ ಕರಗಿಹೋಗುತ್ತೆ. ಅದಕ್ಕೇ ಪ್ರತಿ ಬ್ಯಾಚನ್ನೂ ಒಣಗಿದಾಗ ಒಂದ್ಸಲ ನೆನೆದಾಗ ಒಂದ್ಸಲ ತೂಕ ಹಾಕ್ತೀನಿ, ನೀರಿನ ಪಾಲು 95% ಆಸುಪಾಸು ಬಂದ್ರೆ ಸುಮಾರು ಎರಡು ವಾರ ಬಾಳುತ್ತೆ ಅಂತ ಲೆಕ್ಕ.

ಔಷಧಿ ತುಂಬೋದು ಕೊನೇಲಿ. ಫ್ರೀಜ್ ಡ್ರೈ ಮಾಡಿದ, ಅಂದ್ರೆ ಹೆಪ್ಪುಗಟ್ಟಿಸಿ ಒಣಗಿಸಿದ ಮಣಿಗಳ ಪುಡಿ ಮೇಲೆ ಎಫ್‌ಜಿಎಫ್ ದ್ರಾವಣ ಬಿಡ್ತೀನಿ, ಮಣಿಗಳು ಹೀರೋಕೆ ಆಗೋದಕ್ಕಿಂತ ಕಮ್ಮೀನೇ, ಆಗ ಒಂದು ತೊಟ್ಟೂ ಹೊರಗೆ ಉಳಿಯಲ್ಲ.

ಇಲಿಯ ಒಂದು ಕಾಲಿನ ಫೀಮೊರಲ್ ಆರ್ಟರಿ (ತೊಡೆಯ ಮುಖ್ಯ ರಕ್ತನಾಳ) ಕಟ್ಟಿ, ಸ್ನಾಯುವಿಗೆ ಅಲ್ಲಲ್ಲಿ ಮಣಿ ಚುಚ್ಚಿ, ರಕ್ತ ಎಷ್ಟು ಹರೀತಿದೆ ಅಂತ ಬಣ್ಣದಲ್ಲಿ ತೋರಿಸೋ ಲೇಸರ್ ಡಾಪ್ಲರ್‌ನಲ್ಲಿ ಇನ್ನೊಂದು ಕಾಲಿನ ಜೊತೆ ಹೋಲಿಸ್ತೀನಿ. ಅಳೆಯುವಾಗ ಇಲಿ ಬೆಚ್ಚಗಿನ ಪ್ಲೇಟ್ ಮೇಲೇ ಇರಬೇಕು, ಮೈ ತಣ್ಣಗಾದ್ರೆ ಚರ್ಮದ ರಕ್ತ ಕಮ್ಮಿಯಾಗಿ ರೀಡಿಂಗ್ ಸುಳ್ಳು ಹೇಳುತ್ತೆ. ಖಾಲಿ ಮಣಿ ಒಂದು ಗುಂಪಿಗೆ, ಅಷ್ಟೇ ಡೋಸಿನ ಬರೀ ಎಫ್‌ಜಿಎಫ್ ಇನ್ನೊಂದಕ್ಕೆ. ಮಣಿ ಜೊತೆ ಔಷಧಿ ಕೊಟ್ಟ ಕಾಲುಗಳಲ್ಲಿ ಡಾಪ್ಲರ್ ಚಿತ್ರದಲ್ಲಿ ನೀಲಿ (ರಕ್ತ ಕಮ್ಮಿ ಅಂತ ಅರ್ಥ) ಇದ್ದ ಪಾದ ವಾರ ವಾರಕ್ಕೂ ಹಸಿರು, ಹಳದಿಗೆ ತಿರುಗ್ತಾ ಬಂತು, ಬೇರೆ ಎರಡು ಗುಂಪು ಹಿಂದೆ ಉಳಿದ್ವು.

ಮನುಷ್ಯರ ಮೇಲೂ ಕ್ಯೋಟೋದಲ್ಲಿ ಪ್ರಯೋಗ ಆಗಿದೆ, 2007ರಲ್ಲಿ ಪ್ರಕಟ ಆಯ್ತು, 7 ಜನ ರೋಗಿಗಳ ಮೀನಖಂಡಕ್ಕೆ 200 ಮೈಕ್ರೋಗ್ರಾಂ ಎಫ್‌ಜಿಎಫ್ ಚುಚ್ಚಿದ್ರು. ಫಲಿತಾಂಶ ಚೆನ್ನಾಗಿದ್ರೂ ಅಷ್ಟು ಚಿಕ್ಕ ಗುಂಪು ನೋಡಿ ವಾಸಿ ಆಗೇ ಆಗುತ್ತೆ ಅಂತ ಯಾರಿಗೂ ಹೇಳಬಾರದು. ಶುಗರ್ ಇರೋರ ಕಣ್ಣಿನೊಳಗೆ ಹಿಂಭಾಗದ ಪರದೆಯಲ್ಲಿ (ರೆಟಿನಾ) ಹೊಸ ನಾಳ ಬೆಳೆದ್ರೆ ದೃಷ್ಟೀನೇ ಹೋಗಬಹುದು, ಔಷಧಿ ಚುಚ್ಚಿದ ಕಾಲಲ್ಲೇ ಉಳೀಬೇಕು ಅಂತ ನಾನು ಇಷ್ಟು ಹಠ ಹಿಡಿಯೋದು ಅದಕ್ಕೇ, ಈಗ ರಕ್ತದಲ್ಲಿ ಎಷ್ಟು ಸೋರುತ್ತೆ ಅಂತ ಅಳೀತಾ ಇದ್ದೀನಿ.