ಜಾಂಬಿಯಾದ ಸಾಲ, ಮಂಡ್ಯದ ಪಂಚಾಯ್ತಿ: ನನ್ನ ಅನುಭವ

ಇದನ್ನು ಬರೆಯುತ್ತಿರುವುದು ಬಿ.ಎ. ಅರ್ಥಶಾಸ್ತ್ರ ಪಾಠ ಮಾಡುವ ನನ್ನಂಥ ಮೇಷ್ಟ್ರುಗಳಿಗೆ. ಪ್ಯಾರಿಸ್ ಕ್ಲಬ್ (ಸಾಲ ಕೊಟ್ಟ ಶ್ರೀಮಂತ ದೇಶಗಳ ಸರ್ಕಾರಗಳ ಕೂಟ) ಅಂದರೇನು, ಎಚ್‌ಐಪಿಸಿ (ಸಾಲದಲ್ಲಿ ಮುಳುಗಿದ ಬಡ ದೇಶಗಳ ಸಾಲ ಪರಿಹಾರ ಯೋಜನೆ) ಅಂದರೇನು ಅಂತ ಉದ್ದಕ್ಕೆ ಬಿಡಿಸುವುದಿಲ್ಲ, ನಿಮಗೆ ಗೊತ್ತಿದೆ. ಬಡ ದೇಶಗಳ ಸಾಲ ಪರಿಹಾರದ ಪಾಠವನ್ನು ಮಂಡ್ಯ ಕಡೆಯ ಕನ್ನಡ ಮಾಧ್ಯಮದ ಹುಡುಗರ ತಲೆಗೆ ಇಳಿಸಲು, ಅವರಿಗೆ ದೇಶಗಳ ಪಾತ್ರ ಕೊಟ್ಟು ಚೌಕಾಸಿ ಆಟ ಆಡಿಸಿ, ಮೂರು ವರ್ಷ ಒದ್ದಾಡಿದ ಕಥೆ ಇದು. ಹೋದ ಸಲದ ಕಿರುಪರೀಕ್ಷೆಯಲ್ಲಿ ಇಂದಿನ ಮೌಲ್ಯದ (ಮುಂದೆಂದೋ ಬರುವ ದುಡ್ಡು ಇವತ್ತಿಗೆ ಎಷ್ಟು ಅನ್ನುವ) ಲೆಕ್ಕವನ್ನು 46 ಜನರಲ್ಲಿ 38 ಜನ ಸರಿ ಮಾಡಿದರು. 2022ರಲ್ಲಿ ಹೆಚ್ಚುಕಡಿಮೆ ಅದೇ ಲೆಕ್ಕ ಕೊಟ್ಟಾಗ ಸರಿ ಮಾಡಿದವರು ನಾಲ್ಕೋ ಐದೋ. ಆಗ ಸ್ಟಾಫ್ ರೂಮಿನಲ್ಲಿ 'ಇವರದು ಡ್ರಾಮಾ ಕಂಪನಿ' ಅಂತ ನಕ್ಕವರೇ ಈಗ 'ಆ ಫೈಲ್ ಸ್ವಲ್ಪ ವಾಟ್ಸಾಪ್ ಮಾಡಿ ಸಾರ್' ಅನ್ನುತ್ತಿದ್ದಾರೆ. ಅದಕ್ಕೇ ಬರೆದು ಮುಗಿಸೋಣ ಅಂತ ಕೂತೆ.

ಮೊದಲ ಸಲ ನಾನು ಮಾಡಿದ್ದು ತೀರಾ ಸರಳ. ಜಾಂಬಿಯಾ ದೇಶವನ್ನು ಆರಿಸಿಕೊಂಡೆ. 2020ರ ನವೆಂಬರಿನಲ್ಲಿ 4.25 ಕೋಟಿ ಡಾಲರಿನ ಒಂದು ಬಾಂಡ್ (ಹೂಡಿಕೆದಾರರಿಗೆ ಮಾರಿದ ಸಾಲಪತ್ರ) ಕಂತು ಕಟ್ಟಲಾಗದೆ ಕೈಚೆಲ್ಲಿದ ದೇಶ ಅದು. ಬಡ ದೇಶದ ಸಾಲವನ್ನು ಕೊಟ್ಟ ಸರ್ಕಾರಗಳೆಲ್ಲ ಕೂಡಿ ಇತ್ಯರ್ಥ ಮಾಡಲಿ ಅಂತ ಜಿ20 ಗುಂಪು ಅದೇ ತಿಂಗಳು ತಂದ ಕಾಮನ್ ಫ್ರೇಮ್‌ವರ್ಕಿಗೆ ಅರ್ಜಿ ಹಾಕಿ ಕಾಯುತ್ತಿತ್ತು. ಒಂದು ಗುಂಪು ಜಾಂಬಿಯಾ, ಒಂದು ಪ್ಯಾರಿಸ್ ಕ್ಲಬ್, ಒಂದು ಚೀನಾ, ಒಂದು ಬಾಂಡ್ ಇಟ್ಟುಕೊಂಡವರು, ಇನ್ನೊಂದು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ). ಚೌಕಾಸಿ ಮಾಡಿ ಅಂತ ಬಿಟ್ಟೆ. ಐದೇ ನಿಮಿಷ. ನಾಲ್ಕೂ ಕಡೆಯವರು ಎದ್ದು 'ಮನ್ನಾ ಮಾಡ್ಬುಟ್ಟೋ ಸಾ' ಅಂದರು! ಅವರ ತಪ್ಪಿಲ್ಲ. ಕ್ಲಾಸಿನಲ್ಲಿ ಕೂತವರ ಪೈಕಿ ಮುಕ್ಕಾಲು ಪಾಲು ಸಾಲ ಮಾಡಿದ ಮನೆಯ ಮಕ್ಕಳೇ, 2018ರ ಸಾಲ ಮನ್ನಾ ಪಟ್ಟಿಯಲ್ಲಿ ಅಪ್ಪನ ಹೆಸರು ಹುಡುಕಿದವರೇ. ಸಾಲ ಕೊಟ್ಟವನ ಹೊಟ್ಟೆಯುರಿ ಅವರಿಗೆ ಗೊತ್ತಿರಲಿಲ್ಲ. ಉಳಿದ ಐವತ್ತು ನಿಮಿಷ ಏನು ಮಾಡುವುದೆಂದು ತಿಳಿಯದೆ ಹಾಜರಿ ತೆಗೆದುಕೊಂಡು ಕೂತೆ.

ಕೈಯಲ್ಲಿ ಹಿಡಿಯುವ ವಸ್ತು ಇದ್ದರೆ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ ಅಂತ ಯೋಚಿಸಿ ಮುಂದಿನ ಸಲ ಆಲೆಮನೆಯಿಂದ ಐದು ಕೆಜಿ ಅಚ್ಚು ಬೆಲ್ಲ ತಂದೆ. ಒಂದು ಅಚ್ಚಿಗೆ ಹತ್ತು ಕೋಟಿ ಡಾಲರ್ ಲೆಕ್ಕ. ಚೌಕಾಸಿ ಶುರುವಾಗುವ ಮೊದಲೇ ಬಾಂಡಿನವರು ಅಸಲನ್ನು ಅರ್ಧ ತಿಂದಿದ್ದರು. ಮಾರನೇ ದಿನ ಕ್ಲಾಸ್‌ರೂಮ್ ತುಂಬ ಇರುವೆ, ಅಟೆಂಡರಮ್ಮನಿಂದ ನನಗೆ ಮಂಗಳಾರತಿ. ಆಮೇಲೆ ಹುಣಸೆ ಬೀಜ ನೋಡಿದೆ, ಅದಕ್ಕೆ ಬೆಲೆಯೇ ಬರಲಿಲ್ಲ, ಒಬ್ಬರಿಗೊಬ್ಬರು ಎಸೆದಾಡಿದರು. ಬಣ್ಣದ ನೋಟು ಪ್ರಿಂಟ್ ಹಾಕಿಸಿದೆ, ಸುಮಾರು 640 ರೂಪಾಯಿ ಹೋಯಿತು. ಜೊತೆಗೊಂದು ಫ್ಲೆಕ್ಸ್ 450. ನಾನು ಅತಿಥಿ ಉಪನ್ಯಾಸಕ. ಗೌರವಧನ ಯಾವ ತಿಂಗಳು ಬರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಆ ಸೆಮಿಸ್ಟರಿನಲ್ಲಿ ಭಾವಮೈದುನನ ಹತ್ತಿರ 5 ಸಾವಿರ ಕೈಸಾಲ ಮಾಡಿದ್ದೆ, ಅದರಲ್ಲಿ ಒಂದು ಪಾಲು ಸಾಲ ಪರಿಹಾರದ ಪಾಠಕ್ಕೇ ಖರ್ಚಾಯಿತು. ಮನೆಯಲ್ಲಿ ಇದನ್ನು ಈಗಲೂ ಆಡಿಕೊಳ್ಳುತ್ತಾರೆ.

ದಾರಿ ಸಿಕ್ಕಿದ್ದು ಕ್ಯಾಂಟೀನಿನಲ್ಲಿ. ಸಾಲ ಕೊಡುವ ಗುಂಪಿನ ಪ್ರತಿಯೊಬ್ಬರಿಂದ 20 ರೂಪಾಯಿ ವಸೂಲಿ ಮಾಡಿದೆ. ಅದೇ ಅವರು ಜಾಂಬಿಯಾಕ್ಕೆ ಕೊಟ್ಟ ಸಾಲ. ಎಷ್ಟು ವಾಪಸ್ ಬರುತ್ತದೋ ಅಷ್ಟಕ್ಕೇ ವಡೆ, ಟೀ. ಎಲ್ಲರ ಮುಖವೂ ಬದಲಾಯಿತು. ಹೋದ ವರ್ಷ ಎದ್ದು ಮನ್ನಾ ಮಾಡಿದವರ ತಮ್ಮ ತಂಗಿಯರೇ ಈಗ 'ಅವರ ತಾಮ್ರದ ಗಣಿ ಬರಸ್ಕಳಿ ಸಾ' ಅನ್ನತೊಡಗಿದರು. ಆದರೆ ಇದು ಪ್ರಾಂಶುಪಾಲರ ಕಿವಿಗೆ ಬಿತ್ತು. 'ಕ್ಲಾಸಲ್ಲಿ ದುಡ್ಡು ಕಟ್ಟಿ ಆಡಿಸ್ತಿದ್ದೀರಂತೆ?' ಅಂತ ಕರೆಸಿದರು. ಜೂಜಲ್ಲ ಮೇಡಂ, ಬಹುಪಕ್ಷೀಯ ಮಾತುಕತೆ ಅಂತ ಹೇಳಿದರೆ ಯಾರು ಕೇಳಬೇಕು? ಎಲ್ಲರ ದುಡ್ಡೂ ವಾಪಸ್ ಕೊಟ್ಟೆ. ಅಲ್ಲಿಂದಾಚೆಗೆ ಕ್ಯಾಂಟೀನ್ ಟೋಕನ್ ನಾನೇ ಕೊಂಡು ಹಂಚುತ್ತೇನೆ. ಒಮ್ಮೆ ಕೈಗೆ ಕೊಟ್ಟ ಮೇಲೆ ಅದು ಅವರದೇ. ನನ್ನದೇ ದುಡ್ಡಾದರೂ ಅವರು ಬಿಡುವುದಿಲ್ಲ. ಇದೂ ಒಂದು ಪಾಠವೇ.

ಇನ್ನೊಂದು ದೊಡ್ಡ ತಪ್ಪು ಹೋಲಿಕೆಯಲ್ಲಿತ್ತು. ಹುಡುಗರಿಗೆ ಸುಲಭವಾಗಲಿ ಅಂತ ಐಎಂಎಫ್ ಅಂದರೆ ನಮ್ಮೂರ ಸೊಸೈಟಿ ಇದ್ದ ಹಾಗೆ, ಬಾಂಡಿನವರೆಂದರೆ ಮೀಟರ್ ಬಡ್ಡಿಯವರ ಹಾಗೆ ಅಂತ ಬರೆದುಬಿಟ್ಟಿದ್ದೆ. ಕೆರಗೋಡು ಕಡೆಯ ಒಬ್ಬ ಹುಡುಗಿ ಎದ್ದು ಕೇಳಿದಳು: 'ಮನ್ನಾ ಆಯ್ತದೆ ಅಂದ್ರೆ ಮೊದ್ಲು ಆಗೋದು ಸೊಸೈಟಿದೇ ಅಲ್ವಾ ಸಾ? ಐಎಂಎಫ್ ಒಂದು ಪೈಸಾನೂ ಬಿಡಲ್ಲ ಅಂತೀರಲ್ಲ?' ನಿಜ. 2006ರಲ್ಲಿ ಎಂಡಿಆರ್‌ಐ (ಬಹುಪಕ್ಷೀಯ ಸಾಲ ಪರಿಹಾರ ಯೋಜನೆ) ಅಡಿ ಬಿಟ್ಟಿದ್ದು ಬೇರೆ ಕಥೆ. ಕಾಮನ್ ಫ್ರೇಮ್‌ವರ್ಕಿನಲ್ಲಿ ಐಎಂಎಫ್, ವಿಶ್ವಬ್ಯಾಂಕ್ ಸಾಲಕ್ಕೆ ಕತ್ತರಿ ಇಲ್ಲ. ಉತ್ತರ ಹೊಳೆಯದೆ ನಿಂತಿದ್ದೆ. ಹಿಂದಿನ ಬೆಂಚಿನವನೊಬ್ಬ 'ಗೊಬ್ಬರದಂಗಡಿ ಕಣ್ಸಾ ಅದು. ಎಲ್ಲಿ ಬಾಕಿ ಮಡಗಿದ್ರೂ ಅಲ್ಲಿ ಮಡಗಲ್ಲ ನಮ್ಮಪ್ಪ. ನಾಳಿಕೆ ಯೂರಿಯಾ ಯಾರು ಕೊಟ್ಟಾರು?' ಅಂದ. ಆದ್ಯತೆಯ ಸಾಲ ಅನ್ನುವುದಕ್ಕೆ ನಾನು ಹತ್ತು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆ ಕೇಳಿಲ್ಲ. ಯಾರೂ ಸಾಲ ಕೊಡದ ಹೊತ್ತಿನಲ್ಲಿ ಕೊಡುವವನು, ಆದ್ದರಿಂದ ಮೊದಲು ತೀರಿಸಬೇಕಾದವನು. 2022ರ ಆಗಸ್ಟಿನಲ್ಲಿ ಜಾಂಬಿಯಾಕ್ಕೆ 130 ಕೋಟಿ ಡಾಲರ್ ಮಂಜೂರು ಮಾಡಿದ್ದು ಅದೇ ಗೊಬ್ಬರದಂಗಡಿ.

ಇಂದಿನ ಮೌಲ್ಯದ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. 2023ರ ಜೂನಿನಲ್ಲಿ ಜಾಂಬಿಯಾಕ್ಕೆ ಸಾಲ ಕೊಟ್ಟ ಸರ್ಕಾರಗಳು ಒಪ್ಪಂದಕ್ಕೆ ಬಂದವು. ಸುಮಾರು 630 ಕೋಟಿ ಡಾಲರ್, ಅದರಲ್ಲಿ 400 ಕೋಟಿಗೂ ಮೇಲೆ ಚೀನಾದ್ದೇ. ಅಸಲನ್ನು ಬಿಡಲಿಲ್ಲ. 2043ರವರೆಗೆ ಎಳೆದರು, 2037ರ ತನಕ ಬಡ್ಡಿ ಶೇ 1ಕ್ಕೆ ಇಳಿಸಿದರು. ಹುಡುಗರು ಸಿಟ್ಟಿಗೆದ್ದರು. 'ಬರೀ ವಾಯಿದೆ ಕೊಟ್ಟವ್ರೆ, ಇದ್ಯಾವ ಪರಿಹಾರ?' ಅಂತ. ಸೂತ್ರ ಬರೆದರೆ ನಿದ್ದೆ. ಚಾಕ್‌ಪೀಸ್ ಕೆಳಗಿಟ್ಟು ಚೀಟಿಯ ವಿಷಯ ತೆಗೆದೆ. ಒಂದು ಲಕ್ಷದ ಚೀಟಿ, 20 ತಿಂಗಳು. ಮೊದಲನೇ ತಿಂಗಳೇ ಕೂಗಿ ಎತ್ತಿದರೆ ಕೈಗೆಷ್ಟು? 'ಎಪ್ಪತ್ತೆರಡೋ ಎಪ್ಪತ್ತೈದೋ ಸಾ, ಎದುರಿಗೆ ಕೂಗೋರ ಮೇಲೆ.' ಕೊನೇ ತಿಂಗಳು? 'ಪೂರ್ತಿ.' ಹಾಗಾದರೆ ಕೊನೇ ತಿಂಗಳ ಒಂದು ಲಕ್ಷ ಇವತ್ತಿಗೆ ಎಷ್ಟು? ಕ್ಲಾಸ್ ಸುಮ್ಮನಾಯಿತು. ಆಮೇಲೆ ಒಬ್ಬೊಬ್ಬರಾಗಿ ಕ್ಯಾಲ್ಕುಲೇಟರ್ ತೆಗೆದರು. ಶೇ 5ರ ಲೆಕ್ಕದಲ್ಲಿ 20 ವರ್ಷ ಬಿಟ್ಟು ಬರುವ 100 ರೂಪಾಯಿ ಇವತ್ತಿಗೆ 38 ಅಂತ ಅವರೇ ಬೋರ್ಡಿನ ಮೇಲೆ ಬರೆದರು. ಅಂದರೆ ಬರೀ ವಾಯಿದೆ ಕೊಟ್ಟರೂ ಸಾಲದ ಭಾರ ಇಳಿದಂತೆಯೇ. ಹೆಣ್ಣುಮಕ್ಕಳು ಇದರಲ್ಲಿ ಮುಂದು, ಮನೆಯಲ್ಲಿ ಅಮ್ಮಂದಿರ ಚೀಟಿ ಲೆಕ್ಕ ಬರೆಯುವವರು ಅವರೇ ತಾನೆ.

ಕೂರಿಸುವ ಕ್ರಮವನ್ನೂ ಬದಲಿಸಿದ್ದೆ. ಮೊದಮೊದಲು ಜಾಂಬಿಯಾದವರು ಒಂದೊಂದು ಗುಂಪಿನ ಹತ್ತಿರ ಬೇರೆಬೇರೆ ಹೋಗಿ ಮಾತಾಡುತ್ತಿದ್ದರು. 2023ರ ಫೆಬ್ರುವರಿಯಲ್ಲಿ ಜಿ20 ಹಣಕಾಸು ಸಚಿವರು ಬೆಂಗಳೂರಿಗೆ ಬಂದಿದ್ದರಲ್ಲ, ಆಗ ಐಎಂಎಫ್, ವಿಶ್ವಬ್ಯಾಂಕ್ ಮತ್ತು ಅಧ್ಯಕ್ಷತೆ ವಹಿಸಿದ್ದ ಭಾರತ ಸೇರಿ ಸಾಲದ ದುಂಡುಮೇಜಿನ ಸಭೆ ನಡೆಸಿದವು. ಸಾಲ ಮಾಡಿದ ದೇಶ, ಚೀನಾ, ಪ್ಯಾರಿಸ್ ಕ್ಲಬ್, ಖಾಸಗಿಯವರು ಎಲ್ಲ ಒಂದೇ ಕಡೆ. ನಮ್ಮಿಂದ ನೂರು ಕಿಲೋಮೀಟರ್ ಆಚೆ ಮಾಡುವುದನ್ನು ನಾನ್ಯಾಕೆ ಇಲ್ಲಿ ಮಾಡಬಾರದು ಅಂತ ಬೆಂಚುಗಳನ್ನೆಲ್ಲ ಸುತ್ತ ಜೋಡಿಸಿದೆ. ಅರಳಿಕಟ್ಟೆಯ ಪಂಚಾಯ್ತಿ ನೋಡಿದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ.

ಈಗ ಸ್ವಲ್ಪ ಜಂಬ. ಆ ವರ್ಷದ ಆಟದಲ್ಲಿ ಜಾಂಬಿಯಾದವರು ಕಾರಿಡಾರಿಗೆ ಹೋಗಿ ಬಾಂಡಿನವರ ಜೊತೆ ಗುಟ್ಟಾಗಿ ಮುಗಿಸಿಕೊಂಡು ಬಂದರು: 20ಕ್ಕೆ 18 ಟೋಕನ್ ವಾಪಸ್. ಚೀನಾ ಮತ್ತು ಪ್ಯಾರಿಸ್ ಕ್ಲಬ್ ಅಷ್ಟರಲ್ಲಿ 12ಕ್ಕೆ ಒಪ್ಪಿ ಆಗಿತ್ತು. ಚೀನಾ ಗುಂಪಿನ ಹುಡುಗಿ ಟೋಕನ್ನುಗಳನ್ನು ಮೇಜಿನ ಮೇಲೆ ಕುಕ್ಕಿ, 'ನಾವು ಬಿಟ್ಟಿದ್ದು ಅವ್ರ ಹೊಟ್ಟೆಗೆ ಹಾಕಾಕಾ?' ಅಂತ ಕೂಗಿದಳು. ಆಟ ಅಲ್ಲಿಗೇ ನಿಂತಿತು. ಅದಾಗಿ ಹತ್ತು ಹದಿನೈದು ದಿನಕ್ಕೆ, ನವೆಂಬರಿನಲ್ಲಿ, ಸುದ್ದಿ ಬಂತು. ಜಾಂಬಿಯಾ ಬಾಂಡ್‌ದಾರರ ಜೊತೆ ಮಾಡಿಕೊಂಡಿದ್ದ ಒಪ್ಪಂದವನ್ನು ಸರ್ಕಾರಗಳ ಸಮಿತಿ ತಳ್ಳಿಹಾಕಿತ್ತು. ಕಾರಣ ಅದೇ: ನಮಗೊಂದು ತಕ್ಕಡಿ, ಅವರಿಗೊಂದು ತಕ್ಕಡಿ ಆಗುವುದಿಲ್ಲ. ಪತ್ರಿಕೆ ತಂದು ಓದಿದಾಗ ಇಡೀ ಕ್ಲಾಸ್ ಸಿಳ್ಳೆ. ನಗುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಅವತ್ತು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು, ಮಾತಾಡಲಿಲ್ಲ. ಜಾಂಬಿಯಾದ ಬಾಂಡ್ ಅದಲುಬದಲು ಮುಗಿದದ್ದು 2024ರ ಜೂನಿನಲ್ಲಿ, ಸುಮಾರು 300 ಕೋಟಿ ಡಾಲರಿನದು. ನಮ್ಮವರು ಮಾರನೇ ದಿನವೇ ಮುಗಿಸಿದ್ದರು, ವಡೆ ತಣ್ಣಗಾಗುತ್ತದೆ ಅಂತ.

ಪಕ್ಕದ ಪ್ರಯೋಗ ಒಂದನ್ನು ಹೇಳಲೇಬೇಕು. ಒಬ್ಬನನ್ನು ರಣಹದ್ದು ಮಾಡಿ ಹೊರಗೆ ಕೂರಿಸಿದೆ. ಬೇಸತ್ತವರ ಹತ್ತಿರ ಅಗ್ಗಕ್ಕೆ ಸಾಲಪತ್ರ ಕೊಂಡು ಆಮೇಲೆ ಪೂರ್ತಿ ಕೇಳುವುದು ಅವನ ಕೆಲಸ. ಇದು ಕಟ್ಟುಕಥೆಯಲ್ಲ. ಜಾಂಬಿಯಾ 1979ರಲ್ಲಿ ಟ್ರಾಕ್ಟರ್ ಗೀಕ್ಟರ್ ಕೊಳ್ಳಲು ರೊಮೇನಿಯಾದಿಂದ ಸಾಲ ತಂದಿತ್ತು. 1999ರಲ್ಲಿ ಡೊನೆಗಲ್ ಇಂಟರ್‌ನ್ಯಾಷನಲ್ ಅನ್ನುವ ಕಂಪನಿ ಆ ಸಾಲವನ್ನು 33 ಲಕ್ಷ ಡಾಲರಿನ ಆಸುಪಾಸಿಗೆ ಕೊಂಡು, ಲಂಡನ್ ಕೋರ್ಟಿನಲ್ಲಿ 5.5 ಕೋಟಿ ಕೇಳಿತು. 2007ರಲ್ಲಿ ಒಂದೂವರೆ ಕೋಟಿ ಡಾಲರಿಗೂ ಮೇಲೆ ಸಿಕ್ಕಿತು. ಬ್ರಿಟನ್ 2010ರಲ್ಲಿ ಇಂಥದ್ದಕ್ಕೆ ಕಡಿವಾಣದ ಕಾನೂನು ತಂದದ್ದು ಆಮೇಲಿನ ಮಾತು. ಟ್ರಾಕ್ಟರ್ ಸಾಲ ಅಂದದ್ದೇ ತಡ, ಕ್ಲಾಸಿಗೆ ಜೀವ ಬಂತು. ಆದರೆ ನಮ್ಮ ರಣಹದ್ದು ಪಾತ್ರದೊಳಗೆ ಎಷ್ಟು ಇಳಿದನೆಂದರೆ, ಆಟ ಮುಗಿದ ಮೇಲೂ ಗೆಳೆಯನ ಹತ್ತಿರ ನಿಜವಾಗಿ ವಸೂಲಿಗೆ ಹೊರಟಿದ್ದ! ಜಗಳ ಬಿಡಿಸಬೇಕಾಯಿತು. ನೀವು ಮಾಡುವುದಾದರೆ ಸಮಾಧಾನದ ಹುಡುಗನನ್ನು ಆರಿಸಿ.

ನನಗೆ ಅತಿ ಖುಷಿ ಕೊಟ್ಟಿದ್ದು 2024ರ ಬ್ಯಾಚು. ಜಾಂಬಿಯಾದ ಒಪ್ಪಂದದಲ್ಲಿ ಎರಡು ದಾರಿ ಇದೆ: ಮಾಮೂಲಿ ಸ್ಥಿತಿಯಲ್ಲಿ ಇಷ್ಟು, ದೇಶದ ಸಾಲ ಹೊರುವ ಶಕ್ತಿ ಸುಧಾರಿಸಿದರೆ ಬೇಗ ಮತ್ತು ಹೆಚ್ಚು. ಇದನ್ನು ನಾನಿನ್ನೂ ಹೇಳಿರಲಿಲ್ಲ. ಚೌಕಾಸಿ ಬಿಗಿಯಾದಾಗ ಜಾಂಬಿಯಾ ಗುಂಪಿನ ಹುಡುಗ ತಾನಾಗಿಯೇ, 'ಕಟ್ಟೆ 124.80 ಅಡಿ ಮುಟ್ಟಿದ್ ವರ್ಷ ಜಾಸ್ತಿ ಕಟ್ತೀವಿ, ಮುಟ್ಟದಿದ್ರೆ ಕಮ್ಮಿ ತಗಳಿ' ಅಂದ. ಹಿಂದಿನ ವರ್ಷ ಕೆಆರ್‌ಎಸ್ ತುಂಬದೆ ನಾಲೆಗೆ ನೀರಿಲ್ಲದೆ ಕಬ್ಬು ಒಣಗಿದ್ದು ಅವನ ಮನಸ್ಸಿನಲ್ಲಿತ್ತು. ಬಾಂಡಿನವರು ಗೊಣಗಿದರು, ಚೀನಾ ಒಪ್ಪಿತು. ಅಂದಿನಿಂದ ನಮ್ಮಲ್ಲಿ ಇದಕ್ಕೆ 124.80 ಒಪ್ಪಂದ ಅಂತಲೇ ಹೆಸರು.

ಮನ್ನಾ ಆದ ಮೇಲೇನು ಅನ್ನುವ ಪ್ರಶ್ನೆ ಪ್ರತಿ ಸಲ ಬರುತ್ತದೆ. ಆಗ ಜಾಂಬಿಯಾದ ಹಳೆಯ ಪುಟ ತೆಗೆಯುತ್ತೇನೆ. 2005ರಲ್ಲಿ ಎಚ್‌ಐಪಿಸಿ ಮುಗಿಸಿ, 2006ರ ಹೊತ್ತಿಗೆ ಬಹುಪಾಲು ಸಾಲ ಇಳಿಯಿತು. ಅದೇ ವರ್ಷ ಹಳ್ಳಿಯ ಆಸ್ಪತ್ರೆಗಳಲ್ಲಿ ಶುಲ್ಕ ತೆಗೆದರು. 2012, 2014, 2015ರಲ್ಲಿ ಮತ್ತೆ ಬಾಂಡ್ ಮಾರಿ 300 ಕೋಟಿ ಡಾಲರ್ ಸಾಲ ಎತ್ತಿದರು. ಒಂದು ಸಾಲಿನಲ್ಲಿ ಶುಲ್ಕ ರದ್ದು, ಇನ್ನೊಂದರಲ್ಲಿ ಬಾಂಡ್, ಎರಡನ್ನೂ ಬೋರ್ಡಿನ ಮೇಲೆ ಬರೆದು ಸುಮ್ಮನಿರುತ್ತೇನೆ. ಜಗಳ ತಾನಾಗಿ ಹುಟ್ಟುತ್ತದೆ. ನನ್ನ ಪಾಲಿಗೆ ನೆನಪಾಗುವುದು ನಮ್ಮ ತಾತನ ಮಾತು. 1976ರಲ್ಲಿ ದೇವರಾಜ ಅರಸು ಕಾಲದ ಋಣ ಪರಿಹಾರ ಕಾಯ್ದೆ ಬಂದು ಗಿರವಿ ಇಟ್ಟಿದ್ದ ಅಜ್ಜಿಯ ಓಲೆ ವಾಪಸ್ ಬಂತು. ಆಮೇಲೆ ಎರಡು ವರ್ಷ ಬಿತ್ತನೆಗೆ ಆ ಸಾಹುಕಾರ ಹತ್ತು ರೂಪಾಯಿ ಕೊಡಲಿಲ್ಲ. ಓಲೆ ಬಂದಿದ್ದು ತಪ್ಪು ಅಂತ ತಾತ ಒಂದು ದಿನವೂ ಹೇಳಲಿಲ್ಲ, ಅದನ್ನೂ ಹೇಳಬೇಕು.

ಖರ್ಚಿನ ಲೆಕ್ಕ: ಮೂರು ವರ್ಷಕ್ಕೆ ಎಲ್ಲ ಸೇರಿ ಎಂಟು ಸಾವಿರದ ಮೇಲೆ. ಬೆಲ್ಲ, ಫ್ಲೆಕ್ಸ್, ನೋಟು ಎಲ್ಲ ದಂಡ. ನೀವು ಈಗ ಶುರು ಮಾಡಿದರೆ ಒಂದು ಸಲಕ್ಕೆ 900ರಲ್ಲಿ ಆಗುತ್ತದೆ. ಒಂದು ಪೀರಿಯಡ್ ಸಾಲದು, ಎರಡನ್ನು ಜೋಡಿಸಿಕೊಳ್ಳಿ. ಗುಂಪಿಗೆ ಏಳೆಂಟು ಜನಕ್ಕಿಂತ ಹೆಚ್ಚಾದರೆ ಹಿಂದಿನವರು ಮೊಬೈಲ್ ನೋಡುತ್ತಾರೆ. ಆಟದ ನಡುವೆ ಒಂದು ಗುಂಪಿಗೆ ಮಾತ್ರ ಮುಚ್ಚಿದ ಲಕೋಟೆ ಕೊಡುತ್ತೇನೆ, ಇಡೀ ಚೌಕಾಸಿ ತಿರುಗುವುದು ಅದರಿಂದಲೇ. ಒಳಗೇನಿದೆ, ಯಾವ ಗುಂಪಿಗೆ ಕೊಡುತ್ತೇನೆ ಅಂತ ಇಲ್ಲಿ ಬರೆಯಲಾರೆ. ನನ್ನ ಹುಡುಗರೂ ಇದನ್ನು ಓದುತ್ತಾರೆ. ಈ ಸೆಮಿಸ್ಟರಿಗೆ ಇಥಿಯೋಪಿಯಾ ತೆಗೆದುಕೊಳ್ಳುವ ಯೋಚನೆ ಇದೆ. ಅದು ಕಂತು ತಪ್ಪಿಸಿದ್ದು 100 ಕೋಟಿ ಡಾಲರಿನ ಒಂದೇ ಬಾಂಡ್, ಆದರೂ ಜಗಳ ಸಣ್ಣದಲ್ಲ. ಹಾಂ, ಕ್ಯಾಂಟೀನಿನವರಿಗೆ ಹಿಂದಿನ ದಿನವೇ ಹೇಳಿಡಿ. ನಾನೊಮ್ಮೆ ಮರೆತು, ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ವಡೆ ಖಾಲಿಯಾಗಿ, ಬಾಂಡ್‌ದಾರರಿಗೆ ಬರೀ ಟೀ ಕುಡಿಸಿ ಕಳಿಸಿದ್ದೆ.