ಬಾಣದ ಎರಡೂ ಕಡೆ ಲೆಕ್ಕ ಕೂಡಬೇಕು

ಹೋದ ವಾರ ನನ್ನ ತರಗತಿಯ ಒಬ್ಬಳು ನೋಟ್‌ಬುಕ್ ಹಿಡಿದುಕೊಂಡು ಬಂದಳು. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗುವ ಸಮೀಕರಣ. ಎಡಗಡೆ ಎರಡು ಹೈಡ್ರೋಜನ್, ಎರಡು ಆಕ್ಸಿಜನ್, ಬಲಗಡೆಯೂ ಅಷ್ಟೇ. ಎಣಿಕೆಯಲ್ಲಿ ತಪ್ಪಿರಲಿಲ್ಲ. ಆದರೆ ಆ ಎಣಿಕೆ ಕೂಡಲೆಂದು ನೀರಿನ ಸೂತ್ರದಲ್ಲಿ ಆಕ್ಸಿಜನ್ನಿನ ಕೆಳಗೆ ಪುಟ್ಟ 2 ಒಂದನ್ನು ಸೇರಿಸಿಬಿಟ್ಟಿದ್ದಳು. ಆಗ ಅದು ನೀರಾಗಿ ಉಳಿಯಲಿಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಆಯಿತು. ಬಣ್ಣ ಕಳೆಯುವ, ಚರ್ಮ ಸುಡುವ ಬೇರೆಯದೇ ವಸ್ತು ಅದು. ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗನಿಸುವುದು, ಮಕ್ಕಳು ಸೋಲುವುದು ಗಣಿತದಲ್ಲಿ ಅಲ್ಲ, ಇಲ್ಲಿ. ಅವಳ ಪಕ್ಕ ಕೂತು ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಮೀಕರಣದ ನಡುವಿನ ಬಾಣದ ಎಡಕ್ಕಿರುವವು ಪ್ರತಿವರ್ತಕಗಳು, ಬಲಕ್ಕಿರುವವು ಉತ್ಪನ್ನಗಳು. ಕ್ರಿಯೆ ನಡೆಯುವಾಗ ಯಾವ ಪರಮಾಣುವೂ ಹೊಸದಾಗಿ ಹುಟ್ಟುವುದಿಲ್ಲ, ಇಲ್ಲವಾಗುವುದೂ ಇಲ್ಲ. ಹಳೆಯ ಬಂಧ ಕಳಚಿಕೊಂಡು ಹೊಸ ಜೊತೆ ಕಟ್ಟಿಕೊಳ್ಳುತ್ತವೆ, ಅಷ್ಟೇ. ಆದ್ದರಿಂದ ಮೊದಲು ಸೂತ್ರಗಳನ್ನು ಸರಿಯಾಗಿ ಬರೆದುಕೊಳ್ಳಿ, ಆಮೇಲೆ ಅವುಗಳ ಒಳಗೆ ಕೈ ಹಾಕಬೇಡಿ. ಸೂತ್ರದೊಳಗಿನ ಅಂಕಿ ಆ ವಸ್ತು ಯಾವುದು ಎಂದು ಹೇಳುತ್ತದೆ. ಸೂತ್ರದ ಮುಂದೆ, ಅದರ ಎಡಕ್ಕೆ ಬರೆಯುವ ಅಂಕಿ ಅಂಥವು ಎಷ್ಟು ಎಂದು ಹೇಳುತ್ತದೆ. ನೀವು ಬದಲಿಸಬಹುದಾದದ್ದು ಮುಂದಿನದನ್ನು ಮಾತ್ರ.

ಪ್ರೊಪೇನ್ ಉರಿಯುವುದನ್ನು ತೆಗೆದುಕೊಳ್ಳಿ. ಒಂದು ಪ್ರೊಪೇನ್ ಅಣುವಿನಲ್ಲಿ 3 ಕಾರ್ಬನ್, 8 ಹೈಡ್ರೋಜನ್. ಅದು ಆಕ್ಸಿಜನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಕೊಡುತ್ತದೆ. ನಾನು ಯಾವಾಗಲೂ ಕಾರ್ಬನ್‌ನಿಂದ ಶುರು ಮಾಡುತ್ತೇನೆ: 3 ಕಾರ್ಬನ್ ಇದ್ದರೆ ಬಲಗಡೆ 3 ಕಾರ್ಬನ್ ಡೈಆಕ್ಸೈಡ್. 8 ಹೈಡ್ರೋಜನ್‌ಗೆ 4 ನೀರು. ಆಕ್ಸಿಜನ್ನನ್ನು ಕೊನೆಗೆ ಬಿಡಿ. ಎಡಗಡೆ ಅದು ಒಂಟಿಯಾಗಿ ನಿಂತಿದೆ, ಅದರ ಅಂಕಿ ಬದಲಿಸಿದರೆ ಬೇರೆ ಯಾವ ಲೆಕ್ಕವೂ ಕದಲುವುದಿಲ್ಲ. ಬಲಗಡೆ ಒಟ್ಟು 6 ಮತ್ತು 4, ಅಂದರೆ 10 ಆಕ್ಸಿಜನ್ ಪರಮಾಣು. ಒಂದು ಆಕ್ಸಿಜನ್ ಅಣುವಿನಲ್ಲಿ 2 ಪರಮಾಣು, ಹಾಗಾಗಿ ಎಡಗಡೆ 5 ಆಕ್ಸಿಜನ್ ಅಣು ಸಾಕು. ಮುಗಿಯಿತು. ಎಡಗಡೆ 6 ಅಣು, ಬಲಗಡೆ 7 ಅಣು ಬಂತಲ್ಲ ಎಂದು ಗಾಬರಿಯಾಗಬೇಡಿ. ಅಣುಗಳ ಎಣಿಕೆ ಸಮ ಇರಬೇಕಿಲ್ಲ, ಪರಮಾಣುಗಳ ಎಣಿಕೆ ಸಮ ಇದ್ದರೆ ಸರಿ.

ಕಾಗದದ ಮೇಲಿನ ಈ ಮಾತನ್ನು ತಕ್ಕಡಿ ಒಪ್ಪುತ್ತದೆಯೇ? ಮೋಲ್ ಎಂದರೆ ಅಣುಗಳ ಒಂದು ನಿಗದಿತ ಎಣಿಕೆ, ಡಜನ್ ಇದ್ದ ಹಾಗೆ. ಒಂದು ಮೋಲ್ ಪ್ರೊಪೇನ್ 44 ಗ್ರಾಂ, 5 ಮೋಲ್ ಆಕ್ಸಿಜನ್ 160 ಗ್ರಾಂ, ಒಟ್ಟು 204. ಬಲಗಡೆ ಕಾರ್ಬನ್ ಡೈಆಕ್ಸೈಡ್ 132, ನೀರು 72, ಅದೂ 204. ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೆ 1774ರಲ್ಲಿ ತವರವನ್ನು ಬಾಯಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಕಾಯಿಸಿ ತೂಗಿದಾಗ ತೂಕ ಬದಲಾಗಿರಲಿಲ್ಲ. ಬಾಯಿ ತೆರೆದಾಗ ಹೊರಗಿನ ಗಾಳಿ ಒಳನುಗ್ಗಿ ತೂಕ ಏರಿತು. ಒಳಗಿದ್ದ ಗಾಳಿಯ ಒಂದು ಭಾಗವನ್ನು ತವರ ಹಿಡಿದಿಟ್ಟುಕೊಂಡಿತ್ತು. ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನನಗೆ ಅರ್ಥವಾಗಿದ್ದು ಈ ಪ್ರಯೋಗದಿಂದ.

ನನ್ನ ವಿದ್ಯಾರ್ಥಿ ದಿನಗಳ ಮೆಗ್ನೀಸಿಯಂ ಪ್ರಯೋಗ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂಸೆಯಲ್ಲಿ 0.24 ಗ್ರಾಂ ಪಟ್ಟಿ ಸುತ್ತಿ ಇಟ್ಟು, ಮುಚ್ಚಳ ಮುಚ್ಚಿ ಕಾಯಿಸಿದೆ. 24 ಗ್ರಾಂಗೆ 16 ಗ್ರಾಂ ಆಕ್ಸಿಜನ್ ಸೇರುತ್ತದೆ, ಹಾಗಾಗಿ 0.40 ಗ್ರಾಂ ಬರಬೇಕು. ಬಂದದ್ದು 0.36. ಕಾರಣ ಎರಡು. ಮುಚ್ಚಳವನ್ನು ಅಗಲವಾಗಿ ಎತ್ತಿದ್ದೆ, ಬಿಳಿ ಹೊಗೆಯಾಗಿ ಉತ್ಪನ್ನವೇ ಹಾರಿಹೋಯಿತು. ಎರಡನೆಯದು ಆಗ ಗೊತ್ತಿರಲಿಲ್ಲ: ಬಿಸಿ ಮೆಗ್ನೀಸಿಯಂ ಗಾಳಿಯ ನೈಟ್ರೋಜನ್ ಜೊತೆಗೂ ಸೇರಿ ನೈಟ್ರೈಡ್ ಆಗುತ್ತದೆ, ಅದರಲ್ಲಿ ತೂಕದ ಏರಿಕೆ ಕಡಿಮೆ. ನೀವು ಮಾಡುವಾಗ ಕಣ್ಣಿಗೆ ರಕ್ಷಾ ಕನ್ನಡಕವಿರಲಿ, ಉರಿಯುವ ಪಟ್ಟಿಯನ್ನು ನೇರ ದಿಟ್ಟಿಸಬೇಡಿ. ಇಕ್ಕಳದಿಂದ ಮುಚ್ಚಳವನ್ನು ಚೂರೇ ಚೂರು ಎತ್ತಿ, ತಕ್ಷಣ ಇಳಿಸಿ. ಪೂರ್ತಿ ತಣಿದ ಮೇಲೆ 2-3 ಹನಿ ನೀರು ಹಾಕಿ. ಅಮೋನಿಯಾದ ಘಾಟು ಬಂದರೆ ನೈಟ್ರೈಡ್ ಇತ್ತೆಂದು ಅರ್ಥ. ಮತ್ತೆ ನಿಧಾನವಾಗಿ ಕಾಯಿಸಿ ನೀರು ಹೋಗಿಸಿದರೆ ಉಳಿಯುವುದು ಆಕ್ಸೈಡ್. ಎರಡು ಸಲ ತೂಗಿದಾಗ ಒಂದೇ ತೂಕ ಬರುವವರೆಗೆ ಕಾಯಿಸುತ್ತಾ ತೂಗುತ್ತಾ ಇರಿ.

ಇನ್ನು ಯಾವ ಪ್ರತಿವರ್ತಕ ಮೊದಲು ಖಾಲಿಯಾಗುತ್ತದೆ ಎಂಬ ಪ್ರಶ್ನೆ. ಉತ್ಪನ್ನ ಎಷ್ಟು ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಅದೇ. 4 ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್ ಕೊಟ್ಟು ಕೇಳಿದರೆ ಬಹಳ ಮಂದಿ ಹೈಡ್ರೋಜನ್ ಕಡಿಮೆ, ಅದೇ ಖಾಲಿ ಎನ್ನುತ್ತಾರೆ. ಗ್ರಾಂ ನೋಡಿ ಹೇಳಬೇಡಿ, ಮೋಲಿಗೆ ತನ್ನಿ. ಹೈಡ್ರೋಜನ್ 2 ಮೋಲ್, ಆಕ್ಸಿಜನ್ ಅರ್ಧ ಮೋಲ್. ಎರಡಕ್ಕೆ ಒಂದರಂತೆ ಸೇರುವವು ಇವು, ಅಂದರೆ ಅರ್ಧ ಮೋಲ್ ಆಕ್ಸಿಜನ್ ಹೈಡ್ರೋಜನ್‌ನ 1 ಮೋಲ್ ಮಾತ್ರ ಬಳಸಿಕೊಳ್ಳುತ್ತದೆ. ನೀರು 18 ಗ್ರಾಂ, 2 ಗ್ರಾಂ ಹೈಡ್ರೋಜನ್ ಹಾಗೇ ಉಳಿಯಿತು. ಕೂಡಿಸಿ ನೋಡಿ: 20 ಗ್ರಾಂ, ಹಾಕಿದ್ದಷ್ಟೇ. ಉಳಿದದ್ದನ್ನೂ ಸೇರಿಸಿ ಈ ತಾಳೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಎಲ್ಲ ಪ್ರತಿವರ್ತಕವೂ ಉತ್ಪನ್ನವಾಗಿಯೇ ತೀರಬೇಕೆಂದೇನೂ ಇಲ್ಲ. ನೈಟ್ರೋಜನ್, ಹೈಡ್ರೋಜನ್ ಸೇರಿ ಅಮೋನಿಯಾ ಆಗುವ ಹೇಬರ್ ವಿಧಾನದಲ್ಲಿ ಬಾಣ ಎರಡೂ ದಿಕ್ಕಿಗೆ ಇರುತ್ತದೆ. ಆದ ಅಮೋನಿಯಾ ಒಡೆದು ಹಿಂದಕ್ಕೂ ಹೋಗುತ್ತಿರುತ್ತದೆ. ಕಾರ್ಖಾನೆಗಳಲ್ಲಿ ಒಂದು ಸುತ್ತಿಗೆ ಸುಮಾರು ಶೇ. 15ರಷ್ಟೇ ಅಮೋನಿಯಾ ಆಗುತ್ತದೆ. ಅದನ್ನು ತಂಪು ಮಾಡಿ ದ್ರವವಾಗಿ ಬೇರ್ಪಡಿಸಿ, ಉಳಿದ ಅನಿಲಗಳನ್ನು ಮತ್ತೆ ಒಳಗೆ ಕಳಿಸುತ್ತಾರೆ. ಇಲ್ಲೂ ಒಂದು ನೈಟ್ರೋಜನ್‌ಗೆ ಮೂರು ಹೈಡ್ರೋಜನ್, ಎರಡು ಅಮೋನಿಯಾ ಎಂಬ ಅನುಪಾತ ಕದಲುವುದಿಲ್ಲ. ಎಷ್ಟು ಕ್ರಿಯೆ ನಡೆಯಿತು ಎಂಬುದು ಬೇರೆ ಪ್ರಶ್ನೆ, ನಡೆದಷ್ಟು ಯಾವ ಅನುಪಾತದಲ್ಲಿ ನಡೆಯಿತು ಎಂಬುದು ಬೇರೆ. ಮೊನ್ನೆಯ ಹುಡುಗಿಗೆ ಮುಂದಿನ ಅಭ್ಯಾಸವಾಗಿ ಕೊಟ್ಟಿರುವುದು ಇದನ್ನೇ: 28 ಗ್ರಾಂ ನೈಟ್ರೋಜನ್, 9 ಗ್ರಾಂ ಹೈಡ್ರೋಜನ್ ಕೊಟ್ಟರೆ ಯಾವುದು ಎಷ್ಟು ಉಳಿಯಬಹುದು, ಕ್ರಿಯೆ ಕೊನೆಯವರೆಗೂ ನಡೆಯಿತೆಂದು ಇಟ್ಟುಕೊಂಡು ಲೆಕ್ಕ ಹಾಕು ಎಂದಿದ್ದೇನೆ. ನೀವೂ ಹಾಕಿ ನೋಡಿ. 3 ಗ್ರಾಂ ಹೈಡ್ರೋಜನ್ ಉಳಿದರೆ ಸರಿ ಬಂದಿದೆ.